ಅಪ್‌ಲೋಡ್ ಮೇಷ್ಟ್ರು

ಸರ್ಕಾರಿ ಶಾಲೆಯ ನೀರಿನ ಟ್ಯಾಂಕಿನ ಪಕ್ಕ ಯಾರಾದರೂ ತುದಿಗಾಲಲ್ಲಿ ನಿಂತು, ಬಲಗೈ ಆಕಾಶಕ್ಕೆತ್ತಿ, ಕಣ್ಣು ಕಿರಿದು ಮಾಡಿಕೊಂಡಿದ್ದರೆ ಗಾಬರಿಯಾಗಬೇಡಿ. ಅವರು ಅಪ್‌ಲೋಡ್ ಮೇಷ್ಟ್ರು. ಭಗೀರಥ ಗಂಗೆಯನ್ನೇ ಕೇಳಿದ. ಇವರಿಗೆ ಎರಡು ಕಡ್ಡಿ ನೆಟ್‌ವರ್ಕ್ ಇಳಿದರೆ ಸಾಕು.

ಇಂಥವರು ತಾಲೂಕಿಗೆ ಹತ್ತಾರು ಮಂದಿ. ಸೀಮೆಸುಣ್ಣದ ತುಂಡು ಇರುತ್ತಿದ್ದ ಜೇಬಿನಲ್ಲಿ ಈಗ ಪವರ್ ಬ್ಯಾಂಕ್. ಹದಿನೇಳರ ಮಗ್ಗಿಯಲ್ಲಿ ಒಮ್ಮೊಮ್ಮೆ ಎಡವುತ್ತಾರೆ. 29ರಿಂದ ಶುರುವಾಗುವ ಶಾಲೆಯ 11 ಅಂಕಿಯ ಯುಡೈಸ್ ಸಂಖ್ಯೆಯನ್ನು ಮಾತ್ರ ನಿದ್ದೆಗಣ್ಣಲ್ಲೂ ಒಪ್ಪಿಸುತ್ತಾರೆ. ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಸರ್ವರ್ ನಡುರಾತ್ರಿ ಹಗುರಾಗುತ್ತದೆ ಎಂದು ಯಾರೋ ಹೇಳಿದ್ದರಿಂದ ನಿದ್ದೆಗಣ್ಣಿಗೂ ಬರವಿಲ್ಲ.

ಮಧ್ಯಾಹ್ನದ ಮೊಟ್ಟೆ ಮಕ್ಕಳ ಬಾಯಿಗೆ ಹೋಗುವ ಮುಂಚೆ ಕ್ಯಾಮೆರಾಕ್ಕೆ ಹೋಗಬೇಕು. ‘ಕಚ್ಚಬೇಡ್ರೋ, ಲೊಕೇಶನ್ ಬರಲಿ!’ ಎಂದು ಮೇಷ್ಟ್ರು ಕೂಗುತ್ತಾರೆ. ಯಾವ ಅಕ್ಷಾಂಶ, ಯಾವ ರೇಖಾಂಶದಲ್ಲಿ ಮೊಟ್ಟೆ ಸುಲಿದರೆಂಬುದು ಫೋಟೋದ ಮೇಲೇ ಅಚ್ಚಾಗುತ್ತದೆ. ಆರನೇ ತರಗತಿಯವರಿಗೆ ಅಕ್ಷಾಂಶ-ರೇಖಾಂಶ ತಲೆಗೆ ಹೋದದ್ದೇ ಈ ಮೊಟ್ಟೆಯಿಂದ, ಅದನ್ನು ಒಪ್ಪಲೇಬೇಕು.

‘ಅಪಾರ’ ಎಂಬ ಪದದ ಅರ್ಥ ಅವರಿಗೆ ಚೆನ್ನಾಗಿ ತಿಳಿದದ್ದು ಮಕ್ಕಳ ಗುರುತಿನ ಅಪಾರ್ ಐಡಿ ಬಂದ ಮೇಲೆ. ಅದಕ್ಕೆ ಆಧಾರಿನ ಹೆಸರೂ ಶಾಲೆಯ ಹೆಸರೂ ಒಂದೇ ಇರಬೇಕು. ಕನ್ನಡದಲ್ಲಿ ಮಂಜುನಾಥ ಒಬ್ಬನೇ. ಆಧಾರ್ ಕಾರ್ಡಿನ ಇಂಗ್ಲಿಷಿನಲ್ಲಿ ಅವನಿಗೊಂದು ‘ಎಚ್’ ಇದೆ, ಶಾಲೆಯ ದಾಖಲೆಯಲ್ಲಿಲ್ಲ. ಆ ಎಚ್ಚಿನ ಬೆನ್ನು ಹತ್ತಿ ಅವರಪ್ಪ ಎರಡು ದಿನದ ಕೂಲಿ ಬಿಟ್ಟು ತಾಲೂಕಿಗೆ ಅಲೆದ. ಅಷ್ಟು ದಿನವೂ ಹುಡುಗ ಮೊದಲ ಬೆಂಚಿನಲ್ಲಿ ಕಣ್ಣೆದುರಿಗೇ ಇದ್ದ. ಕಂಪ್ಯೂಟರಿಗೆ ಮಾತ್ರ ಅವನ ಗುರುತು ಸಿಗಲಿಲ್ಲ.

ಹಾಗಂತ ಮೇಷ್ಟ್ರು ಯಂತ್ರದ್ವೇಷಿಯಲ್ಲ. ‘ಕೇಳಿ-ಕಲಿ’ ರೇಡಿಯೋ ಪಾಠದ ಕಾಲದಲ್ಲಿ ತಮ್ಮ ದುಡ್ಡಿನಲ್ಲೇ ಸೆಲ್ ತಂದು ಹಾಕಿದವರು. 2004ರಲ್ಲಿ ಇಸ್ರೋ ಹಾರಿಸಿದ ಉಪಗ್ರಹ ಎಜುಸ್ಯಾಟ್‌ನಿಂದ ಚಾಮರಾಜನಗರದ ಹಳ್ಳಿ ಶಾಲೆಗಳಿಗೆ ಪಾಠ ಇಳಿದಾಗ ಮಕ್ಕಳ ಜೊತೆ ಚಾಪೆಯ ಮೇಲೆ ಕೂತು ಬಾಯಿಬಿಟ್ಟು ನೋಡಿದವರು. ಆ ಡಿಶ್‌ನಲ್ಲಿ ಈಗ ಬಿಸಿಯೂಟದ ಮೆಣಸಿನಕಾಯಿ ಒಣಗುತ್ತದೆ. ಚೆನ್ನಾಗಿಯೇ ಒಣಗುತ್ತದೆ.

ಮೊನ್ನೆ ಹಗಲು-ರಾತ್ರಿಯ ಪಾಠವಿತ್ತು. ದಾನಿಗಳು ಕೊಟ್ಟ ಸ್ಮಾರ್ಟ್ ಟಿವಿಯ ಮೇಲಿನ ಬಟ್ಟೆ ಸರಿಸಿ, ಆಯುಧಪೂಜೆಯ ಕುಂಕುಮ ಒರೆಸಿ, ಪುಸ್ತಕದ ಕ್ಯೂಆರ್ ಕೋಡಿಗೆ ಫೋನು ಹಿಡಿದರು. ಪಾಠದ ಆ್ಯಪ್ ದೀಕ್ಷಾ ತೆರೆಯಿತು. ಭೂಮಿ ತಿರುಗಬೇಕಿದ್ದ ಜಾಗದಲ್ಲಿ ಒಂದು ಬಿಳಿ ಚಕ್ರ ತಿರುಗಿತು. ತಿರುಗಿಯೇ ತಿರುಗಿತು.

‘ಸಾರ್, ಇದೇನಾ ಭೂಮಿ?’ ಎಂದಳು ಮೂರನೇ ಸಾಲಿನ ಹುಡುಗಿ. ಅಷ್ಟರಲ್ಲಿ ಕರೆಂಟೂ ಹೋಯಿತು.

ಮೇಷ್ಟ್ರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಅಡುಗೆಮನೆಯಿಂದ ಒಂದು ಗುಂಡು ಬದನೆಕಾಯಿ ತರಿಸಿದರು. ಅಡುಗೆ ಅಕ್ಕನ ಎಲೆಯಡಿಕೆ ಚೀಲದ ಸುಣ್ಣದಲ್ಲಿ ಅದಕ್ಕೊಂದು ಬೊಟ್ಟಿಟ್ಟು, ‘ಇದು ನಮ್ಮೂರು’ ಎಂದರು. ಕಿಟಕಿ ಮುಚ್ಚಿಸಿ, ಫೋನಿನ ಟಾರ್ಚ್ ಹಚ್ಚಿ ಮೇಜಿನ ಮೇಲೆ ನಿಲ್ಲಿಸಿದರು. ತೊಟ್ಟು ಹಿಡಿದು ನಿಧಾನಕ್ಕೆ ತಿರುಗಿಸಿದರು. ನಮ್ಮೂರು ಕತ್ತಲಿಗೆ ಜಾರಿತು, ಮತ್ತೆ ಬೆಳಕಿಗೆ ಬಂತು. ಮಕ್ಕಳ ಉಸಿರಾಟ ಕೇಳುತ್ತಿತ್ತು.

‘ಹಂಗಾದ್ರೆ ನಾವು ಮಲಗ್ದಾಗ ಅಮೆರಿಕದೋರು ಸ್ಕೂಲಿಗೆ ಹೋಗ್ತಾರಾ ಸಾರ್?’ ಎಂದು ಕೇಳಿದವನು ಎಚ್ ಇಲ್ಲದ ಮಂಜುನಾಥ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಸಂಜೆ ಕ್ಲಸ್ಟರಿನ ಶಾಲೆಗಳ ಉಸ್ತುವಾರಿ ನೋಡುವ ಸಿಆರ್‌ಪಿ ಫೋನ್ ಮಾಡಿದರು. ‘ಇವತ್ತಿನ ಡಿಜಿಟಲ್ ಕ್ಲಾಸಿನ ಫೋಟೋ ಗ್ರೂಪಿಗೆ ಬಂದಿಲ್ವಲ್ಲ ಸಾರ್?’

‘ತೆಗೆಯೋಕಾಗ್ಲಿಲ್ಲ ಸಾರ್. ಫೋನು ಸೂರ್ಯ ಆಗಿತ್ತು.’

ಆ ಕಡೆ ಸ್ವಲ್ಪ ಹೊತ್ತು ಮೌನ. ‘ಪರವಾಗಿಲ್ಲ, ನಾಳೆ ಇನ್ನೊಂದ್ಸಲ ಮಾಡಿ. ಭೂಮಿ ಕಾಣೋ ಹಾಗೆ ಒಂದು ಫೋಟೋ ಸಾಕು.’

ಭೂಮಿ ಮಧ್ಯಾಹ್ನವೇ ಸಾಂಬಾರಿಗೆ ಬಿದ್ದಿತ್ತು.