ಎಳೆಯೋದು ಬೇರೆ, ಡ್ರ್ಯಾಗು ಬೇರೆ

ನಮ್ಮ ಕಡೆ ಬೇಲಿ ಹರಟೆ ಶುರುವಾಗುವುದೇ ಸೆಂಟ್ಸಿನಿಂದ. "ನಿಮಗೆ ರಾತ್ರಿ ಎಷ್ಟು ಸೆಂಟ್ಸ್ ಬಂತು?" ಹೊರಗಿನವರು ಕೇಳಿಸಿಕೊಂಡರೆ ಯಾವುದೋ ಸೈಟ್ ವ್ಯಾಪಾರ ಅಂದುಕೊಂಡಾರು. ಕೊಡಗಿನ ಕಾಫಿ ತೋಟದವರಿಗೆ ಅದು ಮಳೆಯ ಲೆಕ್ಕ. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. ಕಣದ ಮೂಲೆಯಲ್ಲಿ ನಿಲ್ಲಿಸಿದ ಮಳೆಮಾಪಕವನ್ನು ಬೆಳಿಗ್ಗೆ ಬಗ್ಗಿ ನೋಡದೆ ನಮಗೆ ಕಾಫಿ ಇಳಿಯುವುದಿಲ್ಲ.

ಆ ದಿನ ಮಾತ್ರ ಪಕ್ಕದ ತೋಟದವರು ಸೆಂಟ್ಸ್ ಕೇಳಲಿಲ್ಲ. ಬೇಲಿಗೆ ನೆಟ್ಟು ಈಗ ಚಿಗುರಿ ನಿಂತಿರುವ ಹಾಲುವಾಣದ ಗೂಟಕ್ಕೆ ಕೈ ಕೊಟ್ಟು ನನ್ನ ಜೀಪನ್ನೇ ನೋಡುತ್ತಿದ್ದರು. ಅದು ಕಣದ ತಿರುವಿನಲ್ಲಿ ಹಿಂದಿನ ಎರಡೂ ಚಕ್ರ ಹೂತುಕೊಂಡು, ಮೂತಿ ಮೇಲೆತ್ತಿ ಕೂತಿತ್ತು. ನಾನು ಆಕ್ಸಿಲರೇಟರ್ ತುಳಿದಷ್ಟೂ ಕೆಂಪು ರಾಡಿ ನನ್ನ ಬೆನ್ನ ಹಿಂದಿನ ಗಿಡಗಳಿಗೆಲ್ಲ ಹಾರುತ್ತಿತ್ತು.

"ಡ್ರ್ಯಾಗ್ ಮಾಡಬೇಕು, ಬೇರೆ ದಾರಿಯಿಲ್ಲ" ಅಂದರು.

ಅವರಿಗೆ ಎಲ್ಲವೂ ಡ್ರ್ಯಾಗೇ. ಮೊನ್ನೆ ನೋಡಿದ ಸಿನಿಮಾ ಇಂಟರ್ವೆಲ್ ಆದಮೇಲೆ ಡ್ರ್ಯಾಗು. ಸಂಘದ ಸಭೆಯಲ್ಲಿ ವಂದನಾರ್ಪಣೆ ಡ್ರ್ಯಾಗು. ಜಮ್ಮಾ ಜಾಗದ ಅವರ ಕೇಸಂತೂ ಅಪ್ಪನ ಕಾಲದಿಂದ ಡ್ರ್ಯಾಗೋ ಡ್ರ್ಯಾಗು. ಎಂಟು ವರ್ಷದ ಮೊಮ್ಮಗಳು ಕಂಪ್ಯೂಟರಿನಲ್ಲಿ ಚಿತ್ರ ಡ್ರ್ಯಾಗ್ ಮಾಡುವುದನ್ನು ಅಜ್ಜನಿಗೆ ಕಲಿಸುತ್ತಿದ್ದಾಳೆ. "ಎಳೆಯೋದು ಅನ್ನೋಕೆ ನಿಮಗೇನು ಬಾಯಿನೋವಾ?" ಅಂತ ಜೀಪಿನಿಂದಲೇ ಕೇಳಿದೆ.

"ಎಳೆಯೋದು ಬೇರೆ, ಡ್ರ್ಯಾಗು ಬೇರೆ" ಅಂದುಬಿಟ್ಟರು.

ಕೆಳಗಿನ ತೋಟದ ಟ್ರ್ಯಾಕ್ಟರಿಗೆ ಹೇಳಿಕಳಿಸಿ ಆಗಿತ್ತು. ಅದು ಬರುವವರೆಗೆ ಮಾಡುವುದೇನು? ಯೋಚಿಸುತ್ತ ಕೂತೆ. ಕನ್ನಡದ 'ಎಳೆ' ಬಹಳ ಉದಾರಿ. ತೇರು ಎಳೆಯುತ್ತೇವೆ, ಗೆರೆ ಎಳೆಯುತ್ತೇವೆ, ಉಸಿರು ಎಳೆಯುತ್ತೇವೆ, ಬೀಡಿ ಎಳೆಯುತ್ತೇವೆ, ರಾಗ ಎಳೆಯುತ್ತೇವೆ. ಕೈ ಖಾಲಿ ಇದ್ದರೆ ಪಕ್ಕದವರ ಕಾಲನ್ನೂ ಎಳೆಯುತ್ತೇವೆ. ಅದೇ ಎರಡಕ್ಷರ ನೂಲಿನ ಎಳೆಯೂ ಆಗುತ್ತದೆ, ಎಳೆ ಸೌತೆಕಾಯಿಯೂ ಆಗುತ್ತದೆ. 'ಸೆಳೆ' ಅಂದರೆ ಅಲ್ಲಿ ಕೈಯೂ ಬೇಡ, ಹಗ್ಗವೂ ಬೇಡ. ಆಟಿ ತಿಂಗಳಲ್ಲಿ ಕಾವೇರಿಗಿಳಿದವನಿಗೆ ಸೆಳವು ಏನೆಂದು ಯಾರೂ ಹೇಳಿಕೊಡಬೇಕಿಲ್ಲ. 'ಜಗ್ಗು' ಅಂದರೆ ಆ ತುದಿಯಲ್ಲೂ ಒಬ್ಬ ಜಗ್ಗುವವನಿರಬೇಕು. ಕೈಲ್‌ಪೊಳ್ದ್ ಹಬ್ಬದ ಹೊತ್ತಿನ ಊರಾಟಗಳಲ್ಲಿ ಹಗ್ಗಜಗ್ಗಾಟಕ್ಕೆ ಸೇರುವಷ್ಟು ಜನ ಬಹುಮಾನ ವಿತರಣೆಗೆ ಸೇರುವುದಿಲ್ಲ.

ಇಷ್ಟೆಲ್ಲ ಇದ್ದರೂ ಡ್ರ್ಯಾಗಿನ ಒಂದು ಗುಣ ಇವುಗಳಲ್ಲಿಲ್ಲ ಅಂತ ನೆರೆಯವರೆದುರು ಒಪ್ಪಿಕೊಳ್ಳಬೇಕಾಯಿತು. ಡ್ರ್ಯಾಗಿನಲ್ಲಿ ನೆಲವಿದೆ. ಎಳೆಸಿಕೊಳ್ಳುವುದಕ್ಕೆ ಬರಲು ಮನಸ್ಸಿಲ್ಲ, ನೆಲಕ್ಕೂ ಬಿಡಲು ಮನಸ್ಸಿಲ್ಲ. ಸಿನಿಮಾ ಡ್ರ್ಯಾಗು ಅಂದಾಗಲೂ ಕಥೆ ಹೊಟ್ಟೆ ಮೇಲೆ ತೆವಳುತ್ತಿದೆ ಅಂತಲೇ ಅರ್ಥ. ಈ ಪದದ ದಾಯಾದಿ ಒಬ್ಬ ಎಂದೋ ನಮ್ಮ ಮನೆ ಸೇರಿದ್ದಾನೆ, 'ಡ್ರಾ'. ಹಳೆ ಇಂಗ್ಲಿಷಿನ 'ಡ್ರಗನ್' ಅನ್ನುವ ಕ್ರಿಯಾಪದದ ಸಂತಾನ. ಬ್ಯಾಂಕಿನಿಂದ ದುಡ್ಡು ಡ್ರಾ ಮಾಡುತ್ತೇವೆ, ಮ್ಯಾಚ್ ಡ್ರಾ ಆಗುತ್ತದೆ, ಮೇಜಿನ ಡ್ರಾಯರ್ ಮಳೆಗಾಲದಲ್ಲಿ ಉಬ್ಬಿ ಡ್ರಾ ಆಗುವುದೇ ಇಲ್ಲ. ಆಗ ಅದು ಡ್ರ್ಯಾಗು.

"ಹಾಕಿ ಆಡಿದವರಿಗೆ ಇದು ಹೇಳಿಕೊಡಬೇಕಾ?" ಅಂದರು ಬೇಲಿಯಾಚೆಯಿಂದ. ಅಲ್ಲಿಗೆ ಬರುತ್ತಾರೆಂದು ನನಗೆ ಗೊತ್ತಿತ್ತು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುಮಾಡಿದಾಗ ಇದ್ದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಹಾಕಿಗೆ 360 ಕುಟುಂಬ ಸೇರಿ ಗಿನ್ನೆಸ್ ದಾಖಲೆಯಾಯಿತು. ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ ಇಳಿಯುವ ಟೂರ್ನಿ ಇದು. ಹೀಗಿರುವಾಗ ನಮ್ಮಲ್ಲಿ ಡ್ರ್ಯಾಗ್ ಅಂದರೆ ಮೊದಲು ನೆನಪಾಗುವುದು ಡ್ರ್ಯಾಗ್ ಫ್ಲಿಕ್, ಕೆಸರಲ್ಲಿ ಕೂತ ಜೀಪು ಆಮೇಲೆ.

ಡ್ರ್ಯಾಗ್ ಫ್ಲಿಕ್ಕಿನ ಹಿಂದಿರುವುದು ನಿಯಮದ ಒಂದು ತಮಾಷೆ. ಪೆನಾಲ್ಟಿ ಕಾರ್ನರಿನಲ್ಲಿ ಗೋಲಿಗೆ ಮೊದಲ ಹೊಡೆತ ಸ್ಟಿಕ್ ಬೀಸಿ ಹೊಡೆದದ್ದಾದರೆ, ಚೆಂಡು ಗೋಲಿನ ಗೆರೆ ದಾಟುವಾಗ 460 ಮಿಲಿಮೀಟರಿಗಿಂತ ಮೇಲಿರಬಾರದು. ಗೋಲಿನ ಹಲಗೆಯ ಎತ್ತರ ಅಷ್ಟು, ಹೆಚ್ಚುಕಡಿಮೆ ಮೊಣಕಾಲು. ಬೀಸದೆ ಚಿಮ್ಮಿಸಿದರೆ ಈ ಕಟ್ಟಿಲ್ಲ, 2.14 ಮೀಟರ್ ಎತ್ತರದ ಅಡ್ಡಪಟ್ಟಿಯವರೆಗೂ ಬಾಗಿಲು ತೆರೆದೇ ಇದೆ. ಸರಿ, ಚಿಮ್ಮಿಸಿದರೆ ವೇಗ ಎಲ್ಲಿಂದ ಬರಬೇಕು? ಎಳೆದರೆ ಬರುತ್ತದೆ. ಗೋಲಿನ ಮುಂದಿನ ವೃತ್ತದಾಚೆ ನಿಂತ ಚೆಂಡನ್ನು ಸ್ಟಿಕ್ಕಿನ ಕೊಕ್ಕೆಯ ಮೇಲಿನ ಸಣ್ಣ ಬಾಗಿಗೆ ಕೂರಿಸಿಕೊಂಡು, ಕಾಲು ಕತ್ತರಿ ಹಾಕಿ, ಸೊಂಟ ನೆಲಕ್ಕಿಳಿಸಿ, ಚೆಂಡು ಸ್ಟಿಕ್ಕಿಗೆ ಅಂಟಿದ ಹಾಗೆ ಎಳೆದು ಎಳೆದು ಕೊನೆಗೆ ಮಣಿಕಟ್ಟು ತಿರುಗಿಸಿ ಬಿಟ್ಟರೆ ಮುಗಿಯಿತು. ಗೋಲ್‌ಕೀಪರಿಗೆ ಕಾಣುವುದು ಬಿಟ್ಟದ್ದು ಮಾತ್ರ. ಎಳೆದ ಸದ್ದೂ ಇಲ್ಲ.

ಗೋಣಿಕೊಪ್ಪದ ಹತ್ತಿರದ ಹಾತೂರಿನ ವಿ.ಆರ್. ರಘುನಾಥ್ ಭಾರತಕ್ಕೆ ಆಡಿದ್ದು ಈ ಎಳೆತದ ಬಲದಿಂದ. 2012ರ ಲಂಡನ್, 2016ರ ರಿಯೊ ಎರಡೂ ಒಲಿಂಪಿಕ್ಸ್ ಕಂಡರು. ಎಂ.ಎಂ. ಸೋಮಯ್ಯ 1980ರಲ್ಲಿ ಮಾಸ್ಕೋದಿಂದ ಚಿನ್ನ ತಂದ ಕಾಲಕ್ಕೆ ಈ ವಿದ್ಯೆ ಚಾಲ್ತಿಗೆ ಬಂದಿರಲಿಲ್ಲ. ಬೀಸಿ ಹೊಡೆಯುವುದೇ ಗಂಡಸುತನ ಅನ್ನುವ ನಮ್ಮ ನೆರೆಯವರಿಗೆ ಡ್ರ್ಯಾಗ್ ಫ್ಲಿಕ್ ಮೇಲೆ ಇಂದಿಗೂ ಪೂರ್ತಿ ಗೌರವವಿಲ್ಲ. ನನಗಿದೆ. ಹೂತ ಜೀಪಲ್ಲಿ ಕೂತವನಿಗೆ ಇರಲೇಬೇಕು.

ಗಂಡಸುತನ ಅಂದಾಗ ಇನ್ನೊಂದು ಡ್ರ್ಯಾಗ್ ನೆನಪಾಯಿತು. ಗಂಡಸರು ಹೆಂಗಸರ ಉಡುಪು ತೊಟ್ಟು ಕುಣಿಯುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರು. ಹತ್ತೊಂಬತ್ತನೇ ಶತಮಾನದ ನಾಟಕದವರ ಮಾತು, ಉದ್ದ ಲಂಗ ರಂಗದ ಮೇಲೆ ತೇಯುತ್ತ ಬರುತ್ತಿದ್ದದ್ದರಿಂದ ಬಂತು ಅನ್ನುವವರಿದ್ದಾರೆ. ನೋಡಿ, ಅಲ್ಲೂ ನೆಲ! ಇದನ್ನು ಹೇಳಿದ್ದೇ ತಡ, ನೆರೆಯವರು ಗೂಟ ಬಿಟ್ಟು ನಗತೊಡಗಿದರು. ಮೇ ತಿಂಗಳಲ್ಲಿ ಕುಂಡೆ ಹಬ್ಬದ ದಿನ ಅವರು ಗೋಣಿಕೊಪ್ಪದಲ್ಲಿ ಸಿಕ್ಕಿಹಾಕಿಕೊಂಡಿದ್ದರಂತೆ. ಜೇನುಕುರುಬರು, ಯರವರು ನೈಟಿ, ಲಂಗ, ಬಣ್ಣದ ರವಿಕೆ ತೊಟ್ಟು, ಸೋರೆಬುರುಡೆ ಪ್ಲಾಸ್ಟಿಕ್ ಡಬ್ಬ ಬಡಿಯುತ್ತ, ಸಿಕ್ಕ ಸಿಕ್ಕವರನ್ನು ಬೈಯುತ್ತ ದುಡ್ಡು ಕೇಳುವ ದಿನ ಅದು. ಕಾಡಿಗೆ ಬೇಟೆಗೆಂದು ಕರೆದೊಯ್ದ ಅಯ್ಯಪ್ಪ, ನಡುದಾರಿಯಲ್ಲಿ ಭದ್ರಕಾಳಿಗೆ ಮನಸೋತು ತಮ್ಮನ್ನು ಬಿಟ್ಟುಹೋದ ಅನ್ನುವ ಸಿಟ್ಟು ಅವರದು. ಬೈಗುಳವೆಲ್ಲ ಕೊನೆಗೆ ದೇವರಪುರದ ಗುಡಿಗೆ ಹೋಗಿ ಮುಟ್ಟುತ್ತದೆ. ವರ್ಷವಿಡೀ ತೋಟದಲ್ಲಿ ಬೈಸಿಕೊಂಡವರು ದೇವರನ್ನೂ ಸಾವುಕಾರನನ್ನೂ ಒಂದೇ ಉಸಿರಿಗೆ ಬೈಯುವ ಆ ಒಂದು ದಿನವನ್ನು ವೇಷದ ತಮಾಷೆ ಅಂತ ಫೋಟೊ ಹೊಡೆದು ಹೋಗುವವರನ್ನು ಕಂಡರೆ ನನಗಾಗದು.

"ನಿಮಗೇನು ಬೈದರು?"

"ಅದನ್ನು ಬೇಲಿ ಮೇಲೆ ಹೇಳೋಕಾಗಲ್ಲ. ಐವತ್ತು ರೂಪಾಯಿ ಕೊಟ್ಟೆ, ಇನ್ನೊಂದು ಬೈದರು."

ಅಷ್ಟರಲ್ಲಿ ಟ್ರ್ಯಾಕ್ಟರ್ ಬಂತು. ಚೈನು ಬಿಗಿದರು. ದುಬಾರೆಯ ಆನೆಗಳು ಹಿಂದೆ ದಿಮ್ಮಿ ಎಳೆಯುತ್ತಿದ್ದವು, ಈಗ ದಸರಾಕ್ಕೆ ನಡೆಯುತ್ತವೆ, ಒಂದು ಆನೆ ಇದ್ದಿದ್ದರೆ ಅಂತ ನೆರೆಯವರು ಸಲಹೆ ಕೊಡುತ್ತಲೇ ಇದ್ದರು. ಜೀಪು ಮೊದಲು ನರಳಿತು, ಆಮೇಲೆ ಅಡ್ಡವಾಯಿತು, ಆಮೇಲೆ ಕಣದ ಮೂಲೆಯನ್ನು ಸವರಿಕೊಂಡು ಹೊರಗೆ ಬಂತು. ಹಿಂದೆ ಎರಡು ಆಳವಾದ ಸಾಲು ಬಿದ್ದಿತ್ತು.

"ಶುಂಠಿ ಹಾಕಿ" ಅಂದರು ನೆರೆಯವರು. ಆಮೇಲೆ ನೆನಪಾಗಿ, "ಅಂದಹಾಗೆ ರಾತ್ರಿ ಎಷ್ಟು ಸೆಂಟ್ಸ್ ಬಂತು ನಿಮಗೆ?"

ನೋಡಿ ಹೇಳೋಣವೆಂದು ಕಣದ ಮೂಲೆಗೆ ಹೋದೆ. ಮಳೆಮಾಪಕ ಅಲ್ಲಿರಲಿಲ್ಲ. ಬಗ್ಗಿ ನೋಡಿದರೆ ಜೀಪಿನ ಹಿಂದಿನ ಆಕ್ಸಲಿಗೆ ಸಿಕ್ಕಿಕೊಂಡಿತ್ತು.