ಕ್ಲಿಕ್ಕುರಾಯರು

ಯಾವ ಅಂಗಡಿಯನ್ನೂ ತೆರೆಯದೆ, ಯಾವ ಸರಕನ್ನೂ ಕೈಯಿಂದ ಮುಟ್ಟದೆ, ಕೊಳ್ಳುವವರ ಮುಖವನ್ನಾಗಲಿ ಮಾರುವವರ ಮುಖವನ್ನಾಗಲಿ ಒಮ್ಮೆಯೂ ಕಾಣದೆ, ಈ ಉಭಯರ ನಡುವೆ ಸ್ವಂತ ಹಣದಿಂದ ಒಂದು ಜಾಹೀರಾತನ್ನು ನಿಲ್ಲಿಸಿ, ಅದನ್ನು ಒತ್ತಿ ಒಳಹೊಕ್ಕವರಲ್ಲಿ ಯಾರಾದರೊಬ್ಬರು ಏನನ್ನಾದರೂ ಕೊಂಡಾರೆಂದೂ, ಕೊಂಡ ಪಕ್ಷದಲ್ಲಿ ತಮಗೆ ಸಲ್ಲಬೇಕಾದ ಕಮಿಷನ್ ಬಂದೀತೆಂದೂ ಅಹೋರಾತ್ರಿ ನಿರೀಕ್ಷಿಸುತ್ತ ಕುಳಿತಿರುವ ಮಹನೀಯರ ಒಂದು ವರ್ಗವು ಈಚಿನ ವರ್ಷಗಳಲ್ಲಿ ಬೆಂಗಳೂರು, ಮೈಸೂರುಗಳ ಬಡಾವಣೆಗಳಲ್ಲಿ ಉದಿಸಿದೆ. ಉದ್ಯೋಗವೇನೆಂದು ನೆರೆಯವರು ಕೇಳಿದರೆ ಇವರು “ಆನ್‌ಲೈನ್” ಎನ್ನುತ್ತಾರೆ. ಕನ್ಯಾಪಿತೃಗಳು ಕೇಳಿದರೆ “ಡಿಜಿಟಲ್ ಮಾರ್ಕೆಟಿಂಗ್” ಎನ್ನುತ್ತಾರೆ. ಬ್ಯಾಂಕಿನವರು ಸಾಲದ ಅರ್ಜಿಯಲ್ಲಿ ಕೇಳಿದರೆ ಮಾತ್ರ ಪೆನ್ನನ್ನು ತುಟಿಗಾನಿಸಿ ಸ್ವಲ್ಪ ಹೊತ್ತು ಆಕಾಶವನ್ನು ನೋಡುತ್ತಾರೆ. ನಮ್ಮ ಬೀದಿಯಲ್ಲಿ ಈ ವರ್ಗಕ್ಕೆ ಸೇರಿದವರೊಬ್ಬರಿದ್ದಾರೆ. ಅವರ ನಿಜನಾಮಧೇಯ ಬೇರೆ. ಬೀದಿಯ ಹುಡುಗರು ಇಟ್ಟಿರುವ, ಹಿರಿಯರೂ ಈಗ ಸಂಕೋಚವಿಲ್ಲದೆ ಬಳಸುತ್ತಿರುವ ಹೆಸರು ಕ್ಲಿಕ್ಕುರಾಯರು ಎಂದು.

ರಾಯರು ಮೊದಲು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ, ಅನ್ಯರು ಬರೆದುದರಲ್ಲಿ ದೋಷಾನ್ವೇಷಣೆ ಮಾಡುವ ಟೆಸ್ಟಿಂಗ್ ವಿಭಾಗದಲ್ಲಿದ್ದವರು. ಇನ್ನೊಬ್ಬರ ಕೈಕೆಳಗೆ ದುಡಿಯುವುದು ಆತ್ಮಗೌರವಕ್ಕೆ ಕುಂದೆಂಬ ಭಾವನೆ ಬಲಿತು ರಾಜೀನಾಮೆ ಕೊಟ್ಟ ಮೇಲೆ ಅವರಿಗೆ ಮೇಲಧಿಕಾರಿಯ ಕಾಟವೇನೋ ತಪ್ಪಿತು. ಅದರೊಡನೆ ಶನಿವಾರ, ಭಾನುವಾರಗಳೂ ತಪ್ಪಿದುವು. ಈಗ ಅವರು ಮುಂಗೋಣೆಯಲ್ಲಿ, ಮಾವನವರು ಕೊಟ್ಟ ಬೆತ್ತದ ಕುರ್ಚಿಯ ಮೇಲೆ, ಎರಡು ಪರದೆಗಳ ಸಮ್ಮುಖದಲ್ಲಿ ಆಸೀನರಾಗಿರುತ್ತಾರೆ. ಒಂದು ಪರದೆಯಲ್ಲಿ ಹೋಗುವ ಹಣ ಕಾಣುತ್ತದೆ, ಇನ್ನೊಂದರಲ್ಲಿ ಬರಬೇಕಾದ ಹಣ. ಮೊದಲನೆಯದು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ರಾಯರು ಅದನ್ನು ಹೆಚ್ಚಾಗಿ ನೋಡುವುದಿಲ್ಲ. ಬದಲಾಗದಿರುವ ಎರಡನೆಯದನ್ನೇ ಮತ್ತೆ ಮತ್ತೆ ರಿಫ್ರೆಶ್ ಮಾಡುತ್ತಾರೆ.

ತಮ್ಮ ವೃತ್ತಿಯ ಗುರುಪರಂಪರೆಯ ವಿಷಯದಲ್ಲಿ ರಾಯರಿಗಿರುವ ಶ್ರದ್ಧೆ ಮೆಚ್ಚತಕ್ಕದ್ದು. ತಾವು ಕಳುಹಿಸಿದ ಗಿರಾಕಿ ಪುಸ್ತಕ ಕೊಂಡರೆ ಕಳುಹಿಸಿದವರಿಗೂ ಒಂದು ಪಾಲು ಸಲ್ಲಲಿ ಎಂದು ಅಮೆಜಾನ್ ಕಂಪನಿಯು 1996ರಲ್ಲಿ ಏರ್ಪಾಡು ಮಾಡಿದುದನ್ನೂ, ಜನ ಹುಡುಕುವ ಪದಗಳನ್ನೇ ಹರಾಜಿಗಿಟ್ಟು, ಜಾಹೀರಾತನ್ನು ಒತ್ತಿದರೆ ಮಾತ್ರ ದುಡ್ಡು ಎಂಬ ಪದ್ಧತಿಯನ್ನು ಕ್ಯಾಲಿಫೋರ್ನಿಯಾದ ಬಿಲ್ ಗ್ರಾಸ್ ಎಂಬಾತ 1998ರಲ್ಲಿ ತನ್ನ ‘ಗೋಟು’ ಸಂಸ್ಥೆಯ ಮೂಲಕ ನಡೆಸಿ ತೋರಿಸಿದುದನ್ನೂ, 2000ದಲ್ಲಿ ‘ಆಡ್‌ವರ್ಡ್ಸ್’ ಎಂಬ ಜಾಹೀರಾತಿನ ವ್ಯವಸ್ಥೆಯನ್ನು ತೆರೆದ ಗೂಗಲ್ 2002ರಲ್ಲಿ ಅದಕ್ಕೆ ಈ ಕ್ಲಿಕ್ಕಿನ ಹರಾಜನ್ನು ಅಳವಡಿಸಿಕೊಂಡುದನ್ನೂ ಅವರು ಕಾಫಿ ಆರುವುದರೊಳಗೆ ಕ್ರಮವಾಗಿ ನಿರೂಪಿಸಬಲ್ಲರು. ಬಿಲ್ ಗ್ರಾಸ್ ಹೆಸರನ್ನು ಹೇಳುವಾಗ ಅವರು, ಧಾರವಾಡದ ಕಡೆಯ ಗಾಯಕರು ಉಸ್ತಾದರ ಹೆಸರೆತ್ತಿದಾಗ ಮಾಡುವಂತೆ, ಕಿವಿಯನ್ನು ಮುಟ್ಟಿಕೊಳ್ಳುವುದನ್ನು ನಾನು ಕಂಡಿದ್ದೇನೆ.

ಹರಾಜೆಂದೊಡನೆ ಕೂಗಾಟದ ಹರಾಜನ್ನು ಊಹಿಸಿಕೊಳ್ಳಬಾರದು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಗೊತ್ತುಮಾಡುವುದನ್ನು ನೋಡಿದವರಿಗೆ ಇದರ ಅರ್ಧ ತಿಳಿದಂತೆಯೇ. ಯಾರು ಎಷ್ಟು ಕೂಗಿದರೆಂಬುದು ಪಕ್ಕದವನಿಗೆ ತಿಳಿಯದು. ಎಲ್ಲೋ ಒಬ್ಬ ಗೃಹಸ್ಥನು ಫೋನಿನಲ್ಲಿ ಒಂದು ಪದವನ್ನು ಬರೆದು ಬೆರಳೆತ್ತುವಷ್ಟರೊಳಗೆ ಹರಾಜು ಮುಗಿದು ಹೋಗಿರುತ್ತದೆ. ಗೆದ್ದವನು ತಾನು ಕೂಗಿದಷ್ಟನ್ನು ಕೊಡಬೇಕಾಗಿಲ್ಲ, ತನ್ನ ಕೆಳಗಿನವನನ್ನು ಮೀರಲು ಎಷ್ಟು ಸಾಕೋ ಅಷ್ಟನ್ನು ಕೊಟ್ಟರಾಯಿತು. ಅದೂ ಅಲ್ಲದೆ ಬರಿಯ ದುಡ್ಡಿಗೆ ಇಲ್ಲಿ ಪ್ರಾಶಸ್ತ್ಯವಿಲ್ಲ. ಜಾಹೀರಾತು ಎಷ್ಟು ಪ್ರಸ್ತುತ, ಅದನ್ನು ಜನ ಒತ್ತುವ ಸಂಭವವೆಷ್ಟು, ಒತ್ತಿದ ಮೇಲೆ ತೆರೆಯುವ ಪುಟ ಎಷ್ಟು ಯೋಗ್ಯ ಎಂಬುದನ್ನೆಲ್ಲ ತೂಗಿ ಯಂತ್ರವು ಪ್ರತಿಯೊಂದು ಪದಕ್ಕೂ ಹತ್ತಕ್ಕೆ ಇಷ್ಟೆಂದು ಅಂಕ ಕೊಡುತ್ತದೆ. ನಲವತ್ತೈದರ ಪ್ರಾಯದಲ್ಲಿ ಹತ್ತಕ್ಕೆ ಏಳು ಬಂದಿತೆಂದು ರಾಯರು ಮನೆಯಲ್ಲಿ ಕೇಸರಿಬಾತು ಮಾಡಿಸಿದುದುಂಟು. ಜಾತ್ರೆಯ ದಲ್ಲಾಳಿಗೂ ಇವರಿಗೂ ಇರುವ ವ್ಯತ್ಯಾಸ ಒಂದೇ: ಎತ್ತು ಮಾರಾಟವಾಗದಿದ್ದರೆ ಅವನಿಗೆ ದಲ್ಲಾಳಿಯ ಹಣ ಸಿಗದು, ಅಷ್ಟೇ, ರಾಯರಾದರೋ ಎತ್ತಿನ ಹಲ್ಲನ್ನು ಹಿಡಿದು ನೋಡಿ ಮುಂದೆ ಹೋದವರ ಲೆಕ್ಕದಲ್ಲಿಯೂ ತಲೆಗೆ ಹನ್ನೆರಡು ರೂಪಾಯಿಯಂತೆ ಜಾತ್ರೆ ನಡೆಸುವವನಿಗೆ ತೆರುತ್ತಾರೆ.

ಅವರು ಸದ್ಯಕ್ಕೆ ಪ್ರಚಾರ ಮಾಡುತ್ತಿರುವುದು ಹಾಸಿಗೆ. ಫೋಮಿನ ಹಾಸಿಗೆ, ಲೇಟೆಕ್ಸ್ ಹಾಸಿಗೆ, ಬೆನ್ನುಮೂಳೆಗೆ ಹಿತವಾದ ಹಾಸಿಗೆ. ಕಂಪನಿಯ ಹೆಸರನ್ನೇ ಹರಾಜಿನಲ್ಲಿ ಹಿಡಿಯಕೂಡದೆಂದು ಅಫಿಲಿಯೇಟ್ ಎಂಬ ಈ ಕಮಿಷನ್ ವೃತ್ತಿಯ ಅನೇಕ ಕರಾರುಗಳಲ್ಲಿ ನಿಷೇಧವಿರುವುದರಿಂದ, “ಅತ್ಯುತ್ತಮವಾದ ಐದು ಹಾಸಿಗೆಗಳು” ಎಂಬ ತಮ್ಮದೇ ಒಂದು ಪುಟವನ್ನು ರಾಯರು ರಚಿಸಿದ್ದಾರೆ. ಅದರಲ್ಲಿ ಮೊದಲನೆಯ ಸ್ಥಾನ ಯಾವುದಕ್ಕೆ ಎಂಬುದು ಮೃದುತ್ವ, ಬಾಳಿಕೆಗಳಿಂದಲ್ಲದೆ ಬೇರೊಂದು ಕಾರಣದಿಂದ ನಿರ್ಣಯವಾಗುತ್ತದೆಂದು ನನಗೆ ಬಹಳ ದಿನದಿಂದ ಸಂಶಯ; ಯಾವ ವಾರ ಯಾವ ಕಂಪನಿ ಕಮಿಷನ್ನನ್ನು ಏರಿಸಿತೋ ಆ ವಾರ ಅದರ ಹಾಸಿಗೆ ಐದರಿಂದ ಒಂದಕ್ಕೆ ಏರುವುದನ್ನು ನಾನೇ ನೋಡಿದ್ದೇನೆ. ಇಂತಹ ಲಾಭಸಂಬಂಧವನ್ನು ಓದುಗರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಗಳಿವೆ. ರಾಯರು ತಿಳಿಸಿಯೂ ಇದ್ದಾರೆ. ಪುಟದ ಪಾದದಲ್ಲಿ, ಬೂದುಬಣ್ಣದ ಅಕ್ಷರದಲ್ಲಿ. ಈ ವಿಷಯದಲ್ಲಿ ನಾನು ಅವರನ್ನು ಸಮರ್ಥಿಸಲಾರೆ. “ರಾಯರೇ, ಈ ಐದರಲ್ಲಿ ಯಾವುದರ ಮೇಲಾದ್ರೂ ಮಲಗಿ ನೋಡಿದೀರಾ?” ಎಂದು ಒಮ್ಮೆ ಕೇಳಿಯೇಬಿಟ್ಟೆ. “ಮಲಗಿದ್ರೆ ಪಕ್ಷಪಾತ ಬಂದ್ಬಿಡತ್ತೆ ಸ್ವಾಮಿ” ಎಂದರು. ಅವರು ಮಲಗುವುದು ಹೆಂಡತಿಯ ತವರಿನಿಂದ ಬಂದ ಬೂರುಗದ ಹತ್ತಿಯ ಹಾಸಿಗೆಯ ಮೇಲೆ.

ಹಾಸಿಗೆಯನ್ನು ಹುಡುಕುವವರೆಲ್ಲ ಹಾಸಿಗೆಯನ್ನು ಕೊಳ್ಳುವವರಲ್ಲವೆಂಬ ಸತ್ಯ ರಾಯರಿಗೆ ಸಾಕ್ಷಾತ್ಕಾರವಾದುದು ತಿಂಗಳ ಕೊನೆಯಲ್ಲಿ, ಜನ ಏನೇನು ಬರೆದು ತಮ್ಮ ಜಾಹೀರಾತಿಗೆ ಬಂದರೆಂಬ ಪಟ್ಟಿಯನ್ನು ತೆರೆದಾಗ. ಹಾಸಿಗೆಯಲ್ಲಿ ತಿಗಣೆ ಕಾಟಕ್ಕೆ ಪರಿಹಾರ ಬೇಕಾದವರು, ಹಳೆಯ ಹಾಸಿಗೆಯನ್ನು ಮಾರಬೇಕಾದವರು, ಮದುವೆ ಮನೆಗೆ ಮೂವತ್ತು ಹಾಸಿಗೆ ಬಾಡಿಗೆಗೆ ಬೇಕಾದವರು, ಏಳು ವರ್ಷದ ಮಗ ಇನ್ನೂ ಹಾಸಿಗೆ ಒದ್ದೆ ಮಾಡುತ್ತಾನೆಂದು ಕಂಗೆಟ್ಟ ತಾಯಂದಿರು, ಎಲ್ಲರೂ ಬಂದಿದ್ದರು, ತಲಾ ಹನ್ನೆರಡು ರೂಪಾಯಿ ಖರ್ಚು ಮಾಡಿಸಿ ಹೋಗಿದ್ದರು. ಇವರೆಲ್ಲರಿಗಿಂತ ದೊಡ್ಡದಾದ ಸೈನ್ಯವೊಂದು ಮಾರ್ಚಿ ತಿಂಗಳಿನಲ್ಲಿ ಬಂದಿಳಿದಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕನ್ನಡ ಪತ್ರಿಕೆಯಲ್ಲಿ ಗಾದೆಯನ್ನು ವಿಸ್ತರಿಸಿ ಬರೆಯಿರೆಂಬ ಪ್ರಶ್ನೆ ಇರುತ್ತದಷ್ಟೆ. “ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂಬುದನ್ನು ಹೇಗೆ ವಿಸ್ತರಿಸುವುದೆಂದು ನಾಡಿನ ಮೂಲೆಮೂಲೆಗಳಿಂದ ವಿದ್ಯಾರ್ಥಿಗಳು ಹುಡುಕಿದ್ದರು, ಯಂತ್ರವು ಅವರಿಗೆಲ್ಲ ಆರೂಕಾಲಡಿ ಉದ್ದದ ರಾಯರ ಹಾಸಿಗೆಯನ್ನು ತೋರಿಸಿತ್ತು, ಅವರು ಇದೇ ಉತ್ತರವಿರಬಹುದೆಂದು ಒತ್ತಿದ್ದರು. ಆ ತಿಂಗಳು ಗಾದೆಯ ಬಾಬ್ತು ರಾಯರಿಗಾದ ವೆಚ್ಚ ಮೂರು ಸಾವಿರವನ್ನು ಮೀರಿತು. ಗಾದೆಯ ಉಪದೇಶವನ್ನು ಅವರು ಓದಿದರೋ ಇಲ್ಲವೋ ಅರಿಯೆ. ಮರುದಿನ ದಿನದ ಬಜೆಟ್ಟನ್ನು ಇಮ್ಮಡಿ ಮಾಡಿದರು.

ಇದಕ್ಕೆ ಪ್ರತೀಕಾರವೆಂದರೆ ನೆಗೆಟಿವ್ ಕೀವರ್ಡುಗಳು, ಎಂದರೆ ಈ ಪದ ಬಂದಲ್ಲಿ ನನ್ನ ಜಾಹೀರಾತನ್ನು ತೋರಿಸಬೇಡವೆಂಬ ನಿಷೇಧಪಟ್ಟಿ. ಅದನ್ನು ರಾಯರು ದೊಡ್ಡ ಹಾಳೆಯಲ್ಲಿ ಬರೆದು ದೇವರಮನೆಯ ಪಕ್ಕದ ಗೋಡೆಗೆ ಅಂಟಿಸಿದ್ದಾರೆ. “ತಿಗಣೆ, ಉಚಿತ, ಬಾಡಿಗೆ, ಹಳೆಯ, ಮೂತ್ರ, ಆಸ್ಪತ್ರೆ, ಗಾದೆ” ಎಂದು ಕೆಂಪು ಮಸಿಯಲ್ಲಿರುವ ಆ ಪಟ್ಟಿಯನ್ನು ನೋಡಿ, ಸತ್ಯನಾರಾಯಣ ಪೂಜೆಗೆ ಬಂದಿದ್ದ ಪುರೋಹಿತರು ಯಜಮಾನರು ಯಾವುದೋ ಕಠಿಣವಾದ ವ್ರತವನ್ನು ಹಿಡಿದಿದ್ದಾರೆಂದೇ ಭಾವಿಸಿದರು. ಆದರೆ ನಿಷೇಧವು ಸಮಾನಾರ್ಥಕಗಳಿಗೆ ಅನ್ವಯಿಸುವುದಿಲ್ಲ. ಒಂದೊಂದು ಪದವನ್ನೂ ಪ್ರತ್ಯೇಕವಾಗಿಯೇ ನಮೂದಿಸಬೇಕು. ಗಾದೆಯ ಬಾಗಿಲನ್ನು ಮುಚ್ಚಿದ ಮರುವರ್ಷ ಅದೇ ಪ್ರಾಯದ ಹುಡುಗರು ನಾಣ್ಣುಡಿಯ ಬಾಗಿಲಿನಿಂದ ಒಳಗೆ ಬಂದರು.

ಲಾಭನಷ್ಟದ ವಿಚಾರವನ್ನು ಕೇಳುವುದು ಸಭ್ಯತೆಯಲ್ಲವಾದರೂ ಒಂದು ಸಂಜೆ ರಾಯರೇ ಲೆಕ್ಕವನ್ನು ಬಿಡಿಸಿ ತೋರಿಸಿದರು. ಅರವತ್ತು ಕ್ಲಿಕ್ಕುಗಳಿಗೆ ಒಂದು ಹಾಸಿಗೆ ಮಾರಾಟವಾಗುತ್ತದೆ. ಕ್ಲಿಕ್ಕಿಗೆ ₹12ರಂತೆ ಅರವತ್ತಕ್ಕೆ ₹720. ಹತ್ತು ಸಾವಿರದ ಹಾಸಿಗೆಗೆ ಶೇ. 8ರಂತೆ ಕಮಿಷನ್ ₹800. “ನೋಡಿ, ಎಂಬತ್ತು ರೂಪಾಯಿ ಕ್ಲೀನ್ ಪ್ರಾಫಿಟ್” ಎಂದು ಅವರು ಪೆನ್ನನ್ನು ಮುಚ್ಚುವಷ್ಟರಲ್ಲಿ, ಒಳಗಿನಿಂದ ಕಾಫಿ ತಂದ ಅವರ ಪತ್ನಿ, ಆಕೆ ಖಾಸಗಿ ಕಾಲೇಜೊಂದರಲ್ಲಿ ಲೆಕ್ಕಪತ್ರ ನೋಡುವವರು, “ಏನೂಂದ್ರೆ, ಜಾಹೀರಾತಿನ ಮೇಲೆ ಜಿಎಸ್‌ಟಿ ಹದಿನೆಂಟು ಪರ್ಸೆಂಟ್ ಯಾರು ಕಟ್ತಾರೆ?” ಎಂದರು. ₹720ಕ್ಕೆ ₹129.60. ರಾಯರಿಗೆ ಸ್ವಂತ ನೋಂದಣಿ ಇಲ್ಲದ ಕಾರಣ ಅದು ಹಿಂದಿರುಗಿ ಬರುವಂಥದಲ್ಲ. ಒಂದು ಹಾಸಿಗೆಗೆ ₹49.60 ನಷ್ಟವೆಂದು ಮೂವರಿಗೂ ಏಕಕಾಲದಲ್ಲಿ ಗೋಚರವಾಯಿತು. ಕ್ಷಣಕಾಲ ಮೌನವಾಗಿದ್ದ ರಾಯರು ಚೇತರಿಸಿಕೊಂಡು, “ದುಡ್ಡು ಹೋಗಿದೆ ಅಂತ ಅಂದ್ಕೋಬೇಡಿ, ಅಷ್ಟಕ್ಕೆ ಡೇಟಾ ಕೊಂಡ್ಕೊಂಡಿದೀನಿ. ವಾಲ್ಯೂಮ್ ಬಂದ್ರೆ ಎಲ್ಲಾ ಸರಿಹೋಗತ್ತೆ” ಎಂದರು. ಒಂದಕ್ಕೆ ಐವತ್ತು ಹೋದರೆ ನೂರಕ್ಕೆ ಹೇಗೆ ಸರಿಹೋಗುವುದೆಂದು ನಾನು ಕೇಳಲಿಲ್ಲ. ಪತ್ನಿಯವರು ಕೇಳಿದರು, ಅದರ ಉತ್ತರ ಕೇಳಿಸುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿ ಗೇಟಿನ ಬಳಿ ಇದ್ದೆ.

ಆ ₹800 ಆದರೂ ಕೂಡಲೇ ಕೈಸೇರುವುದೆ? ಈಗಿನ ಹಾಸಿಗೆ ಕಂಪನಿಗಳಲ್ಲಿ ಹಲವು ಗಿರಾಕಿಗೆ ನೂರು ರಾತ್ರಿಗಳ ಪರೀಕ್ಷಾವಧಿಯನ್ನು ಕೊಡುತ್ತವೆ. ಹಿತವೆನಿಸದಿದ್ದರೆ ಹಾಸಿಗೆಯನ್ನು ಹಿಂತಿರುಗಿಸಿ ಹಣವನ್ನು ಪಡೆಯಬಹುದು, ಹಾಗೆ ಪಡೆದರೆ ಕಮಿಷನ್ ರದ್ದು. ಆದಕಾರಣ ರಾಯರ ಆದಾಯದ ಮುಂದೆ ‘ಪೆಂಡಿಂಗ್’ ಎಂಬ ವಿಶೇಷಣ ಸದಾ ಅಂಟಿಕೊಂಡಿರುತ್ತದೆ. ಹುಬ್ಬಳ್ಳಿಯಲ್ಲಿಯೋ ಹಾಸನದಲ್ಲಿಯೋ ಯಾರೋ ಪುಣ್ಯಾತ್ಮನು ರಾಯರ ಮೂಲಕ ಕೊಂಡ ಹಾಸಿಗೆಯ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುತ್ತಿರುವ ಆ ನೂರು ರಾತ್ರಿಗಳಲ್ಲಿ, ಅವನ ಬೆನ್ನಿನ ಯೋಗಕ್ಷೇಮವನ್ನು ಕುರಿತು ಇಲ್ಲಿ ರಾಯರು ನಿದ್ದೆಗೆಟ್ಟು ಹೊರಳುತ್ತಾರೆ. ತೊಂಬತ್ತೇಳನೆಯ ರಾತ್ರಿ ಹಿಂತಿರುಗಿಸಿದ ಒಬ್ಬನನ್ನು ಅವರು ಇಂದಿಗೂ ಕ್ಷಮಿಸಿಲ್ಲ.

ಖರ್ಚಿನ ಕಡೆ ಮಾತ್ರ ಪೆಂಡಿಂಗ್ ಎಂಬುದಿಲ್ಲ. ದಿನಕ್ಕೆ ₹500 ಎಂದು ಗೊತ್ತುಮಾಡಿದರೆ ಗೂಗಲ್ಲಿನ ಯಂತ್ರವು ತನಗೆ ಒಳ್ಳೆಯ ದಿನವೆಂದು ತೋರಿದಂದು ಅದರ ಎರಡರಷ್ಟನ್ನೂ ವ್ಯಯಿಸಬಲ್ಲದು. ತಿಂಗಳ ಮೊತ್ತ ಮಾತ್ರ ದಿನದ ಬಜೆಟ್ಟಿನ 30.4 ಪಟ್ಟನ್ನು ಮೀರಕೂಡದು. ತಿಂಗಳಿಗೆ ಮೂವತ್ತು ದಿನವೂ ಇಪ್ಪತ್ತನಾಲ್ಕು ಘಳಿಗೆಯೂ ಆಗುವ ಈ ಕಾಲಗಣನೆ ಒಂಟಿಕೊಪ್ಪಲ್ ಪಂಚಾಂಗದಲ್ಲಿಯೂ ಇಲ್ಲವೆಂದು ರಾಯರ ವೃದ್ಧ ತಂದೆಯವರ ಆಕ್ಷೇಪಣೆ.

ಶತ್ರುಗಳಿಂದಾದ ನಷ್ಟಕ್ಕಿಂತ ಬಂಧುಗಳಿಂದಾದುದೇ ಹೆಚ್ಚೆಂದು ರಾಯರು ನಿಟ್ಟುಸಿರು ಬಿಡುವುದುಂಟು. ವೃತ್ತಿಯ ಪ್ರಾರಂಭದಲ್ಲಿ ಅವರು ಉತ್ಸಾಹದ ಭರದಿಂದ ಕುಟುಂಬದ ವಾಟ್ಸಾಪ್ ಗುಂಪಿಗೆ ತಮ್ಮ ಜಾಹೀರಾತಿನ ಚಿತ್ರವನ್ನು ಹಾಕಿಬಿಟ್ಟರು. ತೀರ್ಥಹಳ್ಳಿಯ ಸೋದರಮಾವನವರು ನಿವೃತ್ತ ಉಪಾಧ್ಯಾಯರು, ವಾತ್ಸಲ್ಯಮಯಿಗಳು. ಅಂದಿನಿಂದ ಅವರು ಪ್ರಾತಃಕಾಲ ಸಂಧ್ಯಾವಂದನೆಯನ್ನು ಮುಗಿಸಿ, ಫೋನಿನಲ್ಲಿ “ಒಳ್ಳೆಯ ಹಾಸಿಗೆ” ಎಂದು ಬರೆದು, ಅಳಿಯನ ಜಾಹೀರಾತು ಕಂಡಲ್ಲಿ ಅದನ್ನು ಒತ್ತಿ, ಅನಂತರವೇ ತಿಂಡಿಗೆ ಏಳುವ ಪದ್ಧತಿಯನ್ನಿಟ್ಟುಕೊಂಡರು. ಒಂದೇ ಸಮನೆ ಒತ್ತಿದ್ದರೆ ಯಂತ್ರವೇ ಅವುಗಳನ್ನು ಅಸಿಂಧುವೆಂದು ತಳ್ಳಿಹಾಕುತ್ತಿತ್ತೇನೋ. ದಿನಕ್ಕೊಂದರಂತೆ ಬರುವ ನಿಷ್ಠಾವಂತ ಕ್ಲಿಕ್ಕನ್ನು ಅದು ಅನುಮಾನಿಸಲಿಲ್ಲ. ಯುಗಾದಿಗೆ ಬಂದ ಮಾವನವರು ಬೇವುಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳುತ್ತ, “ಮಗೂ, ನಿಂದು ದಿನಾ ಒತ್ತುತಾ ಇದೀನಪ್ಪ. ನಿಮ್ಮತ್ತೆ ಕೈಲೂ ಒತ್ತಿಸ್ತೀನಿ. ನಮ್ಮಿಂದ ಇಷ್ಟಾದ್ರೂ ಆಗ್ಲಿ” ಎಂದರು. ರಾಯರ ಮುಖವನ್ನು ಆಗ ನೋಡಬೇಕಾಗಿತ್ತು. “ಬೇಡ ಮಾವ, ನೀವು ತೊಂದ್ರೆ ತಗೋಬೇಡಿ” ಎಂದು ಅವರು ಎಷ್ಟು ವಿನಯದಿಂದ ಹೇಳಿದರೋ, “ತೊಂದ್ರೆ ಏನು ಬಂತೋ, ಪುಕ್ಸಟ್ಟೆ ತಾನೆ” ಎಂದು ಮಾವನವರು ಅಷ್ಟೇ ಔದಾರ್ಯದಿಂದ ಉತ್ತರಿಸಿದರು. ಬಿಟ್ಟಿಯಾಗಿರುವುದು ಒತ್ತುವವರಿಗೆ ಮಾತ್ರ ಎಂಬುದನ್ನು ಹಬ್ಬದ ದಿನ ಹಿರಿಯರಿಗೆ ವಿವರಿಸುವ ಧೈರ್ಯ ರಾಯರಿಗೆ ಬರಲಿಲ್ಲ. ಹಬ್ಬ ಕಳೆದ ಮೇಲೆ ಅವರು ಜಾಹೀರಾತಿನ ಕ್ಷೇತ್ರದಿಂದ ತೀರ್ಥಹಳ್ಳಿಯನ್ನು ತೆಗೆದುಹಾಕಿದರು. ಅಳಿಯನ ಜಾಹೀರಾತು ಕಾಣದಾಯಿತೆಂದು ಮಾವನವರು ಗಾಬರಿಯಾಗಿ, “ವ್ಯಾಪಾರ ನಿಂತುಹೋಯ್ತೇನೋ ಮಗೂ?” ಎಂದು ಟ್ರಂಕ್‌ಕಾಲಿನ ಕಾಲದ ಎತ್ತರದ ಧ್ವನಿಯಲ್ಲಿ ಫೋನು ಮಾಡಿದರು, ಜೊತೆಗೆ ಖರ್ಚಿಗಿರಲೆಂದು ₹5,000 ಕಳುಹಿಸಿದರು. ಆ ತಿಂಗಳು ರಾಯರ ಲೆಕ್ಕದಲ್ಲಿ ಪೆಂಡಿಂಗ್ ಇಲ್ಲದೆ ಜಮೆಯಾದ ಹಣ ಅದೊಂದೇ.

ವಾಚಕ ಮಹಾಶಯರಲ್ಲಿ ರಾಯರ ಪರವಾಗಿ ನನ್ನದೊಂದು ವಿಜ್ಞಾಪನೆ. ತಾವು ಫೋನಿನಲ್ಲಿ ಏನನ್ನಾದರೂ ಹುಡುಕುವಾಗ, ‘ಪ್ರಾಯೋಜಿತ’ ಎಂಬ ಸಣ್ಣ ಅಕ್ಷರಗಳ ಕೆಳಗೆ ಅತ್ಯುತ್ತಮವಾದ ಐದು ಹಾಸಿಗೆಗಳೆಂಬ ಸಾಲು ಕಣ್ಣಿಗೆ ಬಿದ್ದಲ್ಲಿ, ಮತ್ತು ತಮಗೆ ಹಾಸಿಗೆ ಬೇಡವಾಗಿದ್ದಲ್ಲಿ, ಅನುಕಂಪದಿಂದಾಗಲಿ ಕುತೂಹಲದಿಂದಾಗಲಿ ದಯವಿಟ್ಟು ಅದನ್ನು ಒತ್ತಬೇಡಿ. ಪುಟದ ಕೊನೆಯ ಬೂದುಬಣ್ಣದ ಸಾಲನ್ನು ಓದಿಯೂ ಹಾಸಿಗೆಯನ್ನು ಕೊಳ್ಳಬೇಕೆನಿಸಿದರೆ ಮಾತ್ರ ಒತ್ತಿ, ಕೊಂಡು, ಕನಿಷ್ಠಪಕ್ಷ ನೂರಾಒಂದು ರಾತ್ರಿ ಅದರ ಮೇಲೆ ಮಲಗಿರಿ.