ಮೋತ್ಯಾನ ರೌಂಡ್ಸ್

ಮುಧೋಳ ನಾಯಿ ಎಲ್ಲಕ್ಕೂ ಸೈ, ಗುರುತಿಲ್ಲದವರ ಕೈಯಿಂದ ಮೈ ಸವರಿಸಿಕೊಳ್ಳುವುದೊಂದನ್ನು ಬಿಟ್ಟು. ಹೊಲದಲ್ಲಿ ಮೊಲ ಎದ್ದರೆ ಕಣ್ಣಿನಲ್ಲೇ ಹಿಡಿದು ಬೆನ್ನಟ್ಟುತ್ತದೆ. ಸೇನೆಯವರು ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿದ್ದಾರೆ. ಅಂಚೆ ಇಲಾಖೆ 2005ರಲ್ಲಿ ಅದರ ಸ್ಟಾಂಪು ತಂದಿದೆ. ಮುಧೋಳದ ಬಳಿ ತಿಮ್ಮಾಪುರದಲ್ಲಿ ಅದಕ್ಕೆಂದೇ ಒಂದು ಸಂಶೋಧನಾ ಕೇಂದ್ರವಿದೆ. ಇಷ್ಟು ಗತ್ತಿನ ಜಾತಿಗೆ, ಸಂಕಟದಲ್ಲಿದ್ದವರ ಮಗ್ಗುಲಲ್ಲಿ ಕೂತು ಸಮಾಧಾನ ಮಾಡುವ ವಿದ್ಯೆ ಕಲಿಸಲು ಹೊರಟವನು ನಾನು. ನನ್ನ ಪರವಾಗಿ ಹೇಳಬಹುದಾದದ್ದು ಇಷ್ಟೇ: ನಮ್ಮ ಮೋತ್ಯಾ ಪೂರಾ ಮುಧೋಳವಲ್ಲ. ತಾಯಿ ಮುಧೋಳ, ತಂದೆ ನಮ್ಮೂರು ಹೊಳೆಮಣ್ಣೂರ.

ಇದಕ್ಕೆಲ್ಲ ಕಾರಣ ಬೆಂಗಳೂರಿನಲ್ಲಿರುವ ಅಣ್ಣನ ಮಗ. ಆಸ್ಪತ್ರೆಯಲ್ಲಿ ಮುದುಕಿಯೊಬ್ಬಳ ತೊಡೆಯ ಮೇಲೆ ಲ್ಯಾಬ್ರಡಾರ್ ನಾಯಿ ತಲೆಯಿಟ್ಟು ಕೂತ ವಿಡಿಯೋ ಕಳಿಸಿ, “ಕಾಕಾ, ಇದು ಥೆರಪಿ ಡಾಗ್. ಕಣ್ಣಿಲ್ಲದವ್ರಿಗೆ ದಾರಿ ತೋರ್ಸೋದು ಅಸಿಸ್ಟೆನ್ಸ್ ಡಾಗ್. ಎರಡೂ ಬ್ಯಾರೆ ಬ್ಯಾರೆ, ಕಲಸಬ್ಯಾಡ್ರಿ” ಎಂದ. ಒಂದು ಒಬ್ಬರಿಗೇ ಕಣ್ಣೋ ಕಿವಿಯೋ ಆಗಿ ಬಾಳುತ್ತದೆ. ಇನ್ನೊಂದು ಯಜಮಾನನ ಜೊತೆ ಆಸ್ಪತ್ರೆ, ವೃದ್ಧಾಶ್ರಮ ಸುತ್ತಿ ಕಂಡಕಂಡವರಿಂದ ಮುದ್ದು ಮಾಡಿಸಿಕೊಳ್ಳುತ್ತದೆ. ಕಲಸಬೇಡ ಅಂದನಲ್ಲ, ಆ ಹಟಕ್ಕೆ ಎರಡನ್ನೂ ಕಲಿಸುವುದೆಂದು ನಿರ್ಧರಿಸಿದೆ.

ಓದಿಕೊಂಡೆ ಕೂಡ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗಿನಲ್ಲಿ ನಾಯಿಗಳ ಶಾಲೆ ಶುರುವಾಯಿತು. 1928ರಲ್ಲಿ ಮಾರಿಸ್ ಫ್ರಾಂಕ್ ಎಂಬ ಅಮೆರಿಕದ ಅಂಧ ಯುವಕ ಸ್ವಿಟ್ಜರ್‌ಲೆಂಡಿಗೆ ಹೋಗಿ ಬಡ್ಡಿ ಎಂಬ ನಾಯಿಯೊಂದಿಗೆ ತಾನೂ ತರಬೇತಿ ಪಡೆದು ಬಂದು, ಪತ್ರಕರ್ತರ ಕಣ್ಣೆದುರು ನ್ಯೂಯಾರ್ಕಿನ ರಸ್ತೆ ದಾಟಿ ತೋರಿಸಿದ. ಆದರೆ ನನಗೆ ತೀರಾ ಹಿಡಿಸಿದ್ದು ಈ ವಿದ್ಯೆಯ ಒಂದು ಸೂತ್ರ. ‘ನಡೆ’ ಎಂದಾಗ ಎದುರಿಗೆ ಗಾಡಿ ಬರುತ್ತಿದ್ದರೆ ನಾಯಿ ಯಜಮಾನನ ಮಾತು ಮೀರಿ ನಿಲ್ಲಬೇಕು. ಅದು ಜಾಣ ಅವಿಧೇಯತೆ; ಕಲಿಸುವುದರಲ್ಲೇ ಬಲು ಕಷ್ಟದ್ದಂತೆ. ಮೋತ್ಯಾ ಅದನ್ನು ಹೊಟ್ಟೆಯಲ್ಲೇ ಕಲಿತು ಬಂದಿತ್ತು. ‘ಕೂಡು’ ಎಂದರೆ ನಿಲ್ಲುತ್ತಿತ್ತು, ‘ನಿಲ್ಲು’ ಎಂದರೆ ಮನೆ ಬಿಟ್ಟು ಹೋಗುತ್ತಿತ್ತು. ಮೂಗಿನ ಮುಂದೆ ರೊಟ್ಟಿಯಿಟ್ಟು ‘ಮುಟ್ಟಬ್ಯಾಡ’ ಎಂದರೆ, ನನ್ನ ಮುಖ ನೋಡುತ್ತಲೇ ಮುಗಿಸುತ್ತಿತ್ತು. ಸದ್ದಿಗೆ ಬೆದರಬಾರದೆಂದು ಹಿಂದಿನಿಂದ ತಾಮ್ರದ ಕೊಡ ಕೆಡವಿದೆ. ನಾಯಿ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಅಡುಗೆಮನೆಯಿಂದ ಬಂದ ನನ್ನ ಹೆಂಡತಿ ಮಾತ್ರ ಆ ಪರೀಕ್ಷೆಯಲ್ಲಿ ಫೇಲಾದಳು.

ಇನ್ನುಳಿದದ್ದು ದಾರಿ ತೋರಿಸುವ ಪಾಠ. ಒಂದು ಮುಂಜಾನೆ ಕಣ್ಣಿಗೆ ಟಾವೆಲ್ ಬಿಗಿದುಕೊಂಡು, ಮೋತ್ಯಾನ ಕೊರಳ ಹಗ್ಗ ಹಿಡಿದು, “ಬಸ್‌ಸ್ಟ್ಯಾಂಡ್” ಎಂದು ಆಜ್ಞೆಯಿತ್ತು ಹೊರಟೆ. ಪಕ್ಕದ ಹೊಳೆಆಲೂರಿನ ಜ್ಞಾನಸಿಂಧು ಶಾಲೆಯ ಅಂಧ ಮಕ್ಕಳು ಮಲ್ಲಗಂಬವೇರಿ ಅದರ ಮೇಲೆ ತಲೆಕೆಳಗಾಗಿ ಆಸನ ಹಾಕುತ್ತಾರೆ. ನಾನು ಹುಟ್ಟಿ ಬೆಳೆದ ಓಣಿಯ ಸಪಾಟು ನೆಲದ ಮೇಲೆ, ಮೊದಲ ಹೆಜ್ಜೆಗೇ ಯಾರೋ ಸುರುವಿದ ಜಲ್ಲಿಯ ರಾಶಿ ಏರಿದೆ. ಎರಡನೆಯದಕ್ಕೆ ಇಳಿದೆ. ಆ ಮಕ್ಕಳನ್ನು ನೋಡಿ ‘ಪಾಪ’ ಎಂದು ಲೊಚಗುಟ್ಟಿ, ಫೋಟೋ ತೆಗೆಸಿಕೊಂಡು ಹೋಗುವ ಮಹನೀಯರೇ ಊರಿಗೆ ಬಂದು ದಾರಿಯ ನಡುವೆ ಮರಳು, ಜಲ್ಲಿ, ಟ್ರ್ಯಾಕ್ಟರ್ ಟ್ರಾಲಿ ನಿಲ್ಲಿಸುವುದು. ಇವರ ದೆಸೆಯಿಂದ ಬಡ್ಡಿಯೇ ಬಂದರೂ ನಮ್ಮ ಓಣಿಯಲ್ಲಿ ಕಾಲು ಮುರಿದುಕೊಳ್ಳುತ್ತಿತ್ತು.

ಮೋತ್ಯಾ ಮಾತ್ರ ಹಗ್ಗ ಜಗ್ಗದೆ, ಗಂಭೀರವಾಗಿ ನಡೆಯಿತು. ತುಸು ದೂರಕ್ಕೆ ನಿಂತಿತು. ಗಾಡಿ ಬಂತೇನೋ ಎಂದು ನಾನೂ ಭಕ್ತಿಯಿಂದ ನಿಂತೆ. ಬಳೆ ಸದ್ದಾಯಿತು, ರೊಟ್ಟಿ ಮುರಿದ ಸದ್ದಾಯಿತು, ಮತ್ತೆ ನಡೆದೆವು. ಮತ್ತೆ ನಿಂತೆವು. ಈ ಸಲ ಹಾಲಿನ ವಾಸನೆ. ನನಗೆ ಬೆಳಕು ಹರಿಯುವಷ್ಟರಲ್ಲಿ ನಾಯಿ ನನ್ನನ್ನು ತನ್ನ ವರ್ತನೆಯ ಮನೆಗಳಿಗೆಲ್ಲ ತಪ್ಪದೆ ಕರೆದೊಯ್ಯತೊಡಗಿತ್ತು. ನಾನೋ ಕಣ್ಣಿಗೆ ಬಟ್ಟೆ, ಬಾಯಿಗೆ ಬೀಗ. ಬಾಯಿ ಬಿಟ್ಟರೆ ಗುರುತು ಸಿಗುತ್ತದಲ್ಲ! ಟಾವೆಲ್ ತೆಗೆದರೆ ಎದುರಿಗೆ ಯಾರ ಮುಖವಿರುತ್ತದೋ ಎಂಬ ಭಯ ಬೇರೆ. ಹಿಂದೆ ಹುಡುಗರ ಹಿಂಡು ಕೂಡಿದ್ದು ಕಿವಿಗೆ ಬಿತ್ತು.

“ಯಾರ ಯವ್ವಾ ಅದು?”

“ಯಾವ ಹರಕಿನೋ ಏನೋ. ಮಾತಾಡ್ಸಬ್ಯಾಡ, ಮೌನ ಅದಾನ.”

“ನಾಯಿ ಐತಲ್ಲ, ಮೈಲಾರಲಿಂಗಂದ ಇರಬೇಕ.”

ಮೈಲಾರ, ದೇವರಗುಡ್ಡದ ಜಾತ್ರೆ ಕಂಡವರಿಗೆ ಇದರಲ್ಲಿ ವಿಚಿತ್ರವೇನಿಲ್ಲ. ಗೊರವಯ್ಯಗಳು ಕಂಬಳಿ ಹೊದ್ದು, ನಾಯಿಯಂತೆ ಬೊಗಳುತ್ತ ದೋಣಿಯೆಂಬ ಪಾತ್ರೆಯೊಳಗಿನ ಹಾಲು, ಬಾಳೆಹಣ್ಣಿಗೆ ಬಾಯಿ ಹಾಕುತ್ತಾರೆ. ದೇವರ ನಾಯಿಯಾಗುವುದೇ ಅಲ್ಲಿ ಸೇವೆ. ಹೀಗಾಗಿ ಮುಂದಿನ ಮನೆಯಲ್ಲಿ ನಾಯಿಗೊಂದು, ನನಗೊಂದು ರೊಟ್ಟಿ ಬಂತು. ಅದರ ಮುಂದಿನ ಮನೆಯಲ್ಲಿ ಹಣೆಗೆ ಭಂಡಾರ ಬಿತ್ತು. “ಏಳುಕೋಟಿಗೋ” ಎಂದು ಯಾರೋ ಕೂಗಿದರು. ನಾನು ಉತ್ತರಿಸಬೇಕೋ ಬೇಡವೋ ಎಂದು ಯೋಚಿಸುವುದರೊಳಗೆ ಬಾಯಿಗೆ ತಾನಾಗಿ “ಛಾಂಗಮಲೋ” ಬಂದುಬಿಟ್ಟಿತು. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಇದೆಲ್ಲ ರುಚಿಸತೊಡಗಿತ್ತು. ಜೇಬಿನಲ್ಲಿ ಚಿಲ್ಲರೆ ಬೀಳುತ್ತಿತ್ತು. ಮಗುವೊಂದನ್ನು ತಂದು ಕಾಲಿಗೆ ಹಾಕಿದರು. ಗಡ್ಡ ಬಿಟ್ಟಿದ್ದರೆ ಚೆನ್ನಾಗಿತ್ತು ಎಂದುಕೊಂಡೆ.

ಕಡೆಗೆ ನಿಂತದ್ದು ಮೂಲಿಮನಿ ಆಯಿಯ ಕಟ್ಟೆಯ ಬಳಿ. ಅವಳ ಕೆಮ್ಮಿನಿಂದ ಗೊತ್ತಾಯಿತು. ಹುಡುಗರನ್ನು ಗದರಿಸಿ ಅಟ್ಟಿದಳು. ನನ್ನನ್ನು ಕಟ್ಟೆಯ ಮೇಲೆ ಕೂಡಿಸಿದಳು. ಆಮೇಲೆ ನಾನೊಬ್ಬನಿದ್ದೇನೆಂಬುದನ್ನೇ ಮರೆತು ಮೋತ್ಯಾನೊಡನೆ ಮಾತಿಗೆ ಕೂತಳು. ಮಗ ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ. ಅವನ ಫೋನು ಬಂದರೆ ಆರಾಮ ಅದೇನಿ ಎನ್ನುತ್ತಾಳೆ. ನಾಯಿಗೆ ಮಾತ್ರ ಮೊಣಕಾಲಿನ ನೋವಿನಿಂದ ಶುರುಮಾಡಿ, ನಿದ್ದೆ ಬಾರದ್ದು ಹೇಳಿ, 2009ರ ಮಲಪ್ರಭೆಯ ನೆರೆಗೆ ಬಂದು ನಿಂತಳು.

“ಹೊಳಿ ಬಂದಾಗ ಎಲ್ಲಾ ಹೊರಗ ಓಡಿದ್ವಿ. ಕರಿಯಾನ ಹಗ್ಗಾ ಬಿಚ್ಚಾಕ ಮರ್ತ್ನಿ ನೋಡಪಾ. ಕಟ್ಟಿದಲ್ಲೇ ಇತ್ತದು. ಹಗ್ಗಾ ಹರ್ಕೊಂಡ ಹೋತು ಅಂತ ಹುಡುಗಗ ಹೇಳೇನಿ.”

ಮೋತ್ಯಾ ಏನೂ ಹೇಳಲಿಲ್ಲ. ನಾನು ಟಾವೆಲ್ಲಿನೊಳಗೆ ಕೂತಿದ್ದೆ. ಗುರುತಿಲ್ಲದ ಕೈ ತಾಗಿದರೆ ಪಕ್ಕಕ್ಕೆ ಸರಿಯುವ ನಾಯಿ ಎಷ್ಟು ಹೊತ್ತಾದರೂ ಕಟ್ಟೆ ಬಿಟ್ಟು ಕದಲಲಿಲ್ಲ. ಹಗ್ಗ ಜಗ್ಗಿದೆ. ಊಹೂಂ.

ಇದೆಲ್ಲ ಬರೆದು ಕಳಿಸಿದ್ದಕ್ಕೆ ಬೆಂಗಳೂರಿನಿಂದ “ಕಾಕಾ, ಸರ್ಟಿಫಿಕೇಟ್ ಮಾಡ್ಸೋಣ” ಎಂದು ಉತ್ತರ ಬಂತು, ಜೊತೆಗೆ ಚಪ್ಪಾಳೆಯ ಚಿತ್ರಗಳು. ಮರುದಿನ ಮುಂಜಾನೆ ಆಯಿಯೇ ನಮ್ಮ ಬಾಗಿಲಿಗೆ ಬಂದಳು. ನಾನು ಗಡಿಬಿಡಿಯಲ್ಲಿ ಟಾವೆಲ್ ಹುಡುಕಿದೆ.

“ಆ ಅರಬಿ ಬಿಡಪಾ, ನಿನ್ನೆನ ಗುರ್ತ ಹಿಡದೇನಿ ನಿನ್ನ,” ಎಂದಳು. “ಯಾರ ಮುಂದೂ ಅನ್ನಬ್ಯಾಡ. ನಾಯಿ ಒಂದ ಕಳಸು, ನೀ ಬರೋದ ಬ್ಯಾಡ.”

ಮೋತ್ಯಾ ಆಗಲೇ ಅವಳಿಗಿಂತ ಮುಂದೆ ಹೊರಟಿತ್ತು. ನಾಲ್ಕು ಹೆಜ್ಜೆ ಹೋದ ಆಯಿ ನಿಂತು, ಏನೋ ನೆನಪಾದವಳಂತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಮನ್ಯಾಗ ಖಾಲಿ ಕುಂತಿಯೇನ? ಹಂಗಿದ್ರ ಬಾ, ಹೊರಸಿನ ನವಾರ ಸಡಲಾಗೇತಿ. ಬಿಗದ ಕೊಡೀಯಂತ.”